ಬೂದು ಮುಚ್ಚಳದ ಬಾಟಲಿ

ಮಾರ್ಚ್ ೩, ಸೋಮವಾರ

ಬಲಗಣ್ಣಿನ ಪೊರೆ ತೆಗೆಯುವ ದಿನ ಗೊತ್ತಾಯಿತು. ಗುರುವಾರ ಬೆಳಿಗ್ಗೆ. ಎಡಗಣ್ಣಿನದು ಆಮೇಲೆ ನೋಡೋಣ ಅಂದರು.

ಹೋಗುವ ಮನಸ್ಸಿರಲಿಲ್ಲ. ಆದರೆ ಹೋದ ತಿಂಗಳು ನಾನು ಕಟ್ಟಿದ ಒಂದು ಹಲ್ಲಿನ ಸೆಟ್ಟು ವಾಪಸು ಬಂತು. ಮೂವತ್ತನಾಲ್ಕು ವರ್ಷದಲ್ಲಿ ಇದೇ ಮೊದಲು. ಮೇಲಿನ ಸಾಲಿನ ಒಂದು ಹಲ್ಲು ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಹಲ್ಲಿನ ಡಾಕ್ಟರು ಬೈಯಲಿಲ್ಲ, ಒಮ್ಮೆ ಕಣ್ಣು ತೋರಿಸಿಕೊಂಡು ಬನ್ನಿ ಅಮ್ಮ ಅಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ಕೆಲಸ ಕಲಿಸಿದ ಗಂಡ ಹೋಗಿ ಹನ್ನೊಂದು ವರ್ಷವಾಯಿತು. ಅಷ್ಟೂ ವರ್ಷ ಈ ಮುಂದಿನ ಕೋಣೆಯಲ್ಲಿ ಒಬ್ಬಳೇ ಮೇಣ ಕರಗಿಸಿ, ಅಚ್ಚು ಹೊಯ್ದು, ಹಲ್ಲು ಕೂರಿಸಿ ಮಾನದಿಂದ ಬದುಕಿದ್ದೇನೆ.

ಆಸ್ಪತ್ರೆಯಲ್ಲಿ ನರ್ಸು ಉದ್ದದ ಫಾರಂ ಹಿಡಿದು ಪ್ರಶ್ನೆ ಕೇಳಿದಳು. ಸಕ್ಕರೆ ಕಾಯಿಲೆ? ಇಲ್ಲ. ಉಬ್ಬಸ? ಇಲ್ಲ. ನೋವಿನ ಮಾತ್ರೆ ನುಂಗಿದರೆ ಉಸಿರು ಕಟ್ಟುವುದು, ದದ್ದು ಏಳುವುದು? ಇಲ್ಲ. ರಕ್ತ ತೆಳುವಾಗಿಸುವ ಮಾತ್ರೆ? ಇಲ್ಲ. ಕೀಲಿನ ಕಾಯಿಲೆ, ಸಂಧಿವಾತ?

ಇಲ್ಲ ಅಂದೆ.

ನಾಲ್ಕು ವರ್ಷದಿಂದ ಅದಕ್ಕೆ ಮಾತ್ರೆ ನುಂಗುತ್ತಿದ್ದೇನೆ. ಬೆಳಿಗ್ಗೆ ಎದ್ದರೆ ಒಂದು ಗಂಟೆ ಬೆರಳು ಮಡಚಲು ಬರುವುದಿಲ್ಲ. ಊರಿನ ಇನ್ನೊಂದು ತುದಿಯ ಡಾಕ್ಟರೊಬ್ಬರಿಗೆ ಮತ್ತು ಈ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕಣ್ಣಿನ ಡಾಕ್ಟರಮ್ಮ ಹಲ್ಲಿನ ಡಾಕ್ಟರ ಜೊತೆ ಓದಿದವರಂತೆ. ಕಣ್ಣು ಮಂಜು ಅಂದರೆ ಪೊರೆ ತೆಗೆಸಿಕೊಂಡು ಬನ್ನಿ ಅನ್ನುತ್ತಾರೆ. ಕೈ ಹೋಗುತ್ತಿದೆ ಅಂದರೆ ಕೆಲಸ ಕೊಡುವವರು ಯಾರು? ಕಣ್ಣಿನದು ಕಣ್ಣಿಗೆ, ಕೈಯದು ಕೈಗೆ. ಒಂದಕ್ಕೊಂದು ಏನು ಸಂಬಂಧ?

ಜೊತೆಗೆ ಮನೆಯವರೊಬ್ಬರು ಬರಲೇಬೇಕಂತೆ. ಅದೇ ದೊಡ್ಡ ತಲೆನೋವು.

ಮಾರ್ಚ್ ೫, ಬುಧವಾರ

ಮೇಲಿನವಳಿಗೆ ಹೇಳದೆ ಬೇರೆ ದಾರಿ ಇರಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಕೂಗಿ ಹೇಳಿದೆ. ಕಟಕಟೆ ಹಿಡಿದು ಬಗ್ಗಿ ನೋಡಿ, ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದಳು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ನಿವೃತ್ತಳಾದವಳು. ಮಾತು ಕೂಡ ಟಿಕೆಟು ಹರಿದುಕೊಟ್ಟ ಹಾಗೆ.

ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವಿಬ್ಬರು. ನಾನು ಹಿರಿಯವನ ಹೆಂಡತಿ, ಅವಳು ಕಿರಿಯವನ ಹೆಂಡತಿ. ಮೂರು ವರ್ಷದ ಹಿಂದೆ ಮೈದುನನೂ ಹೋದ. ಆದರೂ ನಮ್ಮ ನಡುವೆ ಟ್ಯಾಂಕು ತುಂಬಿತೇ, ಗೇಟಿಗೆ ಬೀಗ ಬಿತ್ತೇ ಅನ್ನುವಷ್ಟೇ ಮಾತು. ನನ್ನ ಗಂಡನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಅವಳಿಗೆ ನನಗಿಂತ ಎರಡು ತಿಂಗಳು ಮೊದಲೇ ಗೊತ್ತಿತ್ತು. ಭಾವ ಹೇಳಬೇಡ ಅಂದಿದ್ದರು ಎಂದಳು, ಎಲ್ಲ ಮುಗಿದ ಮೇಲೆ. ಆ ಎರಡು ತಿಂಗಳು, ತಟ್ಟೆಯಲ್ಲಿ ಊಟ ಬಿಟ್ಟದ್ದಕ್ಕೆ ನಾನು ಅವರನ್ನು ದಿನಾ ಬೈದಿದ್ದೆ. ಅದನ್ನು ಮರೆತಿಲ್ಲ, ಮರೆಯುವುದೂ ಇಲ್ಲ.

ಬೂದು ಬಣ್ಣದ ಮುಚ್ಚಳದ ಹನಿ ಇವತ್ತಿನಿಂದಲೇ ಶುರು. ಆಪರೇಷನ್ನಿಗೆ ಮೊದಲೇ ಕಣ್ಣಿನೊಳಗಿನ ಊತಕ್ಕೆ ಕಡಿವಾಣ ಹಾಕುವುದಕ್ಕಂತೆ. ನಾನೇ ಹಾಕಿಕೊಳ್ಳಲು ಹೋದೆ. ಒಂದು ಹುಬ್ಬಿನ ಮೇಲೆ ಬಿತ್ತು, ಒಂದು ಕಿವಿಗೆ ಹರಿಯಿತು. ಬಾಟಲಿ ಒತ್ತುವ ಶಕ್ತಿ ಹೆಬ್ಬೆರಳಿಗಿಲ್ಲ.

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಡಾಕ್ಟರಮ್ಮನ ಕೋಟು ಇಷ್ಟು ಬೆಳ್ಳಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ಮೇಲಿನವಳು ನನ್ನ ಚಪ್ಪಲಿ ಸರಿಯಾಗಿ ಜೋಡಿಸಿಟ್ಟುಕೊಂಡು ಕೂತಿದ್ದಳು. ಅವಳ ಮುಖದಲ್ಲಿ ಇಷ್ಟು ಸುಕ್ಕು ಯಾವಾಗ ಬಂತೋ. ನನ್ನದನ್ನು ಕನ್ನಡಿಯಲ್ಲಿ ನೋಡಿಕೊಳ್ಳುವ ಧೈರ್ಯ ಆಮೇಲೆ ಬರಲಿಲ್ಲ.

ಮಾರ್ಚ್ ೧೧, ಮಂಗಳವಾರ

ಹನಿ ಹಾಕಲು ಮೇಲಿನವಳು ದಿನಕ್ಕೆ ನಾಲ್ಕು ಸಲ ಇಳಿದು ಬರುತ್ತಾಳೆ. ಎಂಟು ಹತ್ತು, ಹನ್ನೆರಡು ಹತ್ತು, ನಾಲ್ಕು ಹತ್ತು, ಎಂಟು ಹತ್ತು. ಎಂಟಕ್ಕೇ ಯಾಕೆ ಬರಬಾರದು ಎಂದರೆ, ಎಂಟಕ್ಕೆ ಕೈ ತೊಳೆಯೋದು ಅಕ್ಕ, ಹೊರಡೋದು ಎಂಟು ಹತ್ತಕ್ಕೆ ಅನ್ನುತ್ತಾಳೆ. ಎರಡು ನಿಮಿಷ ತಡವಾದರೂ ಬಸ್ಸು ತಪ್ಪಿದವಳ ಹಾಗೆ ಮೆಟ್ಟಿಲು ಇಳಿಯುತ್ತಾಳೆ.

ಮೂರು ಬಾಟಲಿ. ಹಳದಿ ಮುಚ್ಚಳದ್ದು ಸೋಂಕು ತಗಲದ ಹಾಗೆ, ಒಂದು ವಾರ. ಗುಲಾಬಿಯದ್ದು ನಾಲ್ಕು ವಾರ, ಕಡಿಮೆ ಮಾಡುತ್ತ ಹೋಗುವುದು. ಬೂದು ಮುಚ್ಚಳದ್ದು ಆಪರೇಷನ್ನಾದ ಮೇಲೆ ಹದಿನಾಲ್ಕು ದಿನ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು. ಇಲ್ಲದಿದ್ದರೆ ಮೊದಲನೆಯದನ್ನು ಎರಡನೆಯದು ಕೊಚ್ಚಿಕೊಂಡು ಹೋಗುತ್ತದಂತೆ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಹಾಕಿದ ಮೇಲೆ ಮೂಗಿನ ಪಕ್ಕ ಕಣ್ಣಿನ ಮೂಲೆಯನ್ನು ಬೆರಳಿಂದ ಒತ್ತಿ ಹಿಡಿಯುತ್ತಾಳೆ. ಅವಳ ಬೆರಳಿಗೆ ಸೋಪಿನ ವಾಸನೆ.

ಬೇರೆಯವರ ಕೈ ಮುಖಕ್ಕೆ ತಾಗಿ ಎಷ್ಟು ವರ್ಷವಾಯಿತೋ. ಹೇಸಿಗೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಮೂರು ಹನಿಯ ನಡುವೆ ಎರಡು ಸಲ ಐದೈದು ನಿಮಿಷ. ಅಷ್ಟು ಹೊತ್ತು ಇಬ್ಬರೂ ಗೋಡೆ ನೋಡುತ್ತ ಕೂರುತ್ತೇವೆ.

ಮಾರ್ಚ್ ೧೩, ಗುರುವಾರ

ವಾರದ ತಪಾಸಣೆ. ಗಾಯ ಚೆನ್ನಾಗಿದೆ ಎಂದರು. ಬೂದು ಮುಚ್ಚಳದ್ದು ಇಪ್ಪತ್ತನೇ ತಾರೀಖಿಗೆ ಕೊನೆ, ಬಾಟಲಿಯಲ್ಲಿ ಉಳಿದಿದ್ದರೂ ಎಸೆಯಿರಿ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ನೋವು, ಕೆಂಪು, ಬೆಳಕು ಚುಚ್ಚುವುದು, ಮಂಜು ಹೆಚ್ಚಾಗುವುದು, ಯಾವುದಾದರೂ ಕಂಡರೆ ಮುಂದಿನ ತಾರೀಖಿಗೆ ಕಾಯಬಾರದು, ಅವತ್ತೇ ಬರಬೇಕು. ಮೇಲಿನವಳು ಹಳೆಯ ಬಸ್ಸಿನ ವೇಳಾಪಟ್ಟಿಯ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡಳು.

ಮನೆಗೆ ಬಂದು ಕೈಚೀಲ ಇಡುವಾಗ ನನ್ನ ಕೈ ಜಾರಿ ಒಳಗಿದ್ದದ್ದೆಲ್ಲ ನೆಲಕ್ಕೆ ಚೆಲ್ಲಿತು. ಮಾತ್ರೆಯ ಡಬ್ಬಿಯನ್ನು ಎತ್ತಿದವಳು ಅವಳು. ಹಾಳು ಕೌಂಟರಿನ ಕಣ್ಣು, ಚೀಟಿಯ ಮೇಲಿನ ಸಣ್ಣ ಅಕ್ಷರ ಓದದೆ ಬಿಡುವುದಿಲ್ಲ. ಸಂಧಿವಾತಕ್ಕಾ ಅಕ್ಕ ಎಂದಳು. ಹೂಂ ಅಂದೆ. ಡಾಕ್ಟರಮ್ಮನಿಗೆ ಹೇಳಿದ್ದೀರಾ ಎಂದಳು.

ಹೇಳಿದ್ದೇನೆ ಅಂದೆ.

ಬಾಯಿಗೆ ಬಂದದ್ದು ಹೊರಗೆ ಬಿತ್ತು. ಇನ್ನೊಂದೇ ವಾರ, ಹೇಗೂ ಮುಗಿಯುತ್ತದೆ.

ಮಾರ್ಚ್ ೧೭, ಸೋಮವಾರ

ಇವತ್ತು ಕೆಲಸದ ಮೇಜಿಗೆ ಕೂತೆ. ಸೆಟ್ಟು ಉಜ್ಜುವ ಮೋಟಾರು ಹಾಕಲಿಲ್ಲ, ದೂಳು ಬೇಡ ಎಂದಿದ್ದಾರೆ. ಸುಮ್ಮನೆ ನೋಡಿದೆ. ಕೂರಬಾರದಿತ್ತು.

ಯಾರದೋ ಹಳೆಯ ಸೆಟ್ಟಿನಲ್ಲಿ ಒಂದು ಹಲ್ಲು ಮುರಿದರೆ ಅದಕ್ಕೆ ಜೋಡಿ ಹುಡುಕಿ ಕೂರಿಸುವುದು ನನ್ನ ಹೆಚ್ಚುಗಾರಿಕೆ. ಅಂಥದ್ದಕ್ಕೆ ಬಣ್ಣದ ನಂಬರು ಇರುವುದಿಲ್ಲ, ಕಣ್ಣೇ ನಂಬರು. ಜನವರಿಯಲ್ಲಿ ರಿಪೇರಿ ಮಾಡಿ ಯಾರೂ ಒಯ್ಯದೆ ಉಳಿದಿದ್ದ ಮೂರು ಸೆಟ್ಟು ಕಪಾಟಿನಲ್ಲಿದ್ದವು. ಎಡಗಣ್ಣು ತೆರೆದು ನೋಡಿದರೆ ಎಲ್ಲ ಒಂದೇ. ಬಲಗಣ್ಣಿನಲ್ಲಿ ನೋಡಿದರೆ, ನಾನು ಕೂರಿಸಿದ ಹಲ್ಲು ಹಳದಿ. ಬೆಳ್ಳಗಿನ ಸಾಲಿನ ನಡುವೆ ಚಹಾದಲ್ಲಿ ಅದ್ದಿ ತೆಗೆದ ಹಾಗೆ. ಮೂರರಲ್ಲೂ.

ಪೊರೆ ಬಂದು ಎಷ್ಟು ವರ್ಷವಾಗಿತ್ತೋ. ಅಷ್ಟು ವರ್ಷದಲ್ಲಿ ಎಷ್ಟು ಜನರ ಬಾಯಿಗೆ ಇಂಥದ್ದನ್ನು ಕೊಟ್ಟೆನೋ. ಒಬ್ಬರಾದರೂ ಬಂದು ಹೇಳಲಿಲ್ಲ. ಕೈ ಅಡ್ಡ ಹಿಡಿದುಕೊಂಡು ನಕ್ಕಿರಬೇಕು.

ನಾಲ್ಕು ಹತ್ತಕ್ಕೆ ಮೇಲಿನವಳು ಬಂದಾಗ ಅದನ್ನು ತೋರಿಸಿದೆ, ಯಾಕೆಂದು ಗೊತ್ತಿಲ್ಲ. ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದಳು. ಬಾಯಿ ತುಂಬ ನಗೋರು ಹಲ್ಲಿನ ಬಣ್ಣ ನೋಡಲ್ಲ ಅಕ್ಕ ಎಂದಳು. ಸಮಾಧಾನಕ್ಕೆ ಹೇಳಿದ್ದು. ಆದರೂ ಇವಳ ಬಾಯಿಂದ ಸಮಾಧಾನ ಬಂತಲ್ಲ.

ಮಾರ್ಚ್ ೨೦, ಗುರುವಾರ

ಬೂದು ಮುಚ್ಚಳದ್ದು ಕೊನೆ. ಹಳದಿಯದ್ದು ಹೋದ ವಾರವೇ ಮುಗಿದಿತ್ತು. ಓರಗಿತ್ತಿ ಬಾಟಲಿಯನ್ನು ಅಲ್ಲಾಡಿಸಿ ನೋಡಿ, ಇನ್ನೂ ಅರ್ಧ ಇದೆ ಎಂದು ನಾನು ಅನ್ನುವಷ್ಟರಲ್ಲಿ ಕಸದ ಬುಟ್ಟಿಗೆ ಹಾಕಿದಳು. ಹೋಗುವ ಬಸ್ಸು ಹೋಯಿತು ಎಂದಳು. ಇನ್ನು ಮುಂದೆ ಗುಲಾಬಿಯದ್ದು ಮಾತ್ರ, ದಿನಕ್ಕೆ ಎರಡೇ ಸಲ.

ಮಾರ್ಚ್ ೨೨, ಶನಿವಾರ

ಉರಿ. ಕಣ್ಣಿನೊಳಗೆ ಪ್ಲಾಸ್ಟರಿನ ಪುಡಿ ಹೊಕ್ಕ ಹಾಗೆ. ರೆಪ್ಪೆ ಮಿಟುಕಿಸಿದರೆ ಗರಗರ.

ಆ ಹನಿ ಹಾಕಿದ ಕೂಡಲೇ ತಣ್ಣಗಾಗುತ್ತಿತ್ತು. ನಿಲ್ಲಿಸಿದ್ದಕ್ಕೇ ಹೀಗಾಗಿದೆ, ಸಣ್ಣ ಮಗುವಿಗೂ ಗೊತ್ತಾಗುವ ಮಾತು. ಡಾಕ್ಟರುಗಳು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುತ್ತಾರೆ.

ಬುಟ್ಟಿಯ ಕಸ ನಿನ್ನೆಯೇ ಹೋಗಿತ್ತು. ಬೀದಿಯ ಕೊನೆಯ ಔಷಧಿ ಅಂಗಡಿಗೆ ಹೋದೆ. ಬೂದು ಮುಚ್ಚಳದ್ದು, ಆಪರೇಷನ್ನಾದವರಿಗೆ ಕೊಡುವುದು ಅಂದೆ. ಚೀಟಿ ಕೇಳಿದ. ಮನೆಯಲ್ಲಿದೆ ಅಂದೆ. ಕಪ್ಪು ಕನ್ನಡಕ ನೋಡಿ ಕೊಟ್ಟ.

ಹಾಕಿಕೊಳ್ಳಲು ಒಂದು ಉಪಾಯವೂ ಸಿಕ್ಕಿತು. ಮಲಗಿ, ಬಾಟಲಿಯನ್ನು ಎರಡೂ ಅಂಗೈ ನಡುವೆ ಒತ್ತಿದರೆ ಬೀಳುತ್ತದೆ. ಕೆಲವು ಸಲ ಮೂತಿ ಕಣ್ಣಿಗೆ ತಾಗುತ್ತದೆ, ಏನು ಮಾಡುವುದು. ಎರಡು ದಿನ ಹಾಕಿ ನಿಲ್ಲಿಸಿದರಾಯಿತು.

ಮಾರ್ಚ್ ೨೬, ಬುಧವಾರ

ಕೆಲಸ ಶುರು ಮಾಡಿದೆ. ಒಂದು ಕೆಳಗಿನ ಸಾಲು ಬಂದಿದೆ. ಕಣ್ಣು ಹೇಳಿದ ಹಾಗೆ ಕೇಳುತ್ತದೆ, ಬೆರಳು ಕೇಳುವುದಿಲ್ಲ. ಮೊದಲು ಹೀಗಿರಲಿಲ್ಲ ಅನ್ನುವುದು ಸುಳ್ಳು. ಕಾಣುತ್ತಿರಲಿಲ್ಲ ಅಷ್ಟೇ.

ಬಾಟಲಿಯನ್ನು ಅಚ್ಚುಗಳ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಎರಡು ದಿನ ಎಂದದ್ದು ಐದು ದಿನವಾಯಿತು. ನಾಲ್ಕು ಸಲ ಸಾಲುವುದಿಲ್ಲ, ಮೋಟಾರು ಹಾಕಿದ ದಿನ ಆರು.

ಮಾರ್ಚ್ ೩೧, ಸೋಮವಾರ

ಓರಗಿತ್ತಿ ಗುಲಾಬಿ ಹನಿ ಹಾಕುವಾಗ ಕಣ್ಣು ಇಷ್ಟು ಕೆಂಪಗಿದೆಯಲ್ಲ ಎಂದಳು. ದೂಳು ಅಂದೆ. ತೋರಿಸೋಣ ಎಂದಳು. ಏಳನೇ ತಾರೀಖಿಗೆ ಹೇಗೂ ಹೋಗುವುದಿದೆ ಅಂದೆ. ತನ್ನ ವೇಳಾಪಟ್ಟಿ ತಂದು ಹಿಂಬದಿ ಓದಿ ತೋರಿಸಿದಳು: ಕೆಂಪು, ಬೆಳಕು ಚುಚ್ಚುವುದು, ಅವತ್ತೇ ಬರಬೇಕು. ನನ್ನ ಕಣ್ಣು ನನಗೆ ಗೊತ್ತು, ನೀನು ಟಿಕೆಟು ಹರಿ ಅಂದುಬಿಟ್ಟೆ.

ಅವಳು ಹನಿ ಹಾಕಿ, ಮೂಲೆ ಒತ್ತಿ ಹಿಡಿದು, ಮೇಲೆ ಹೋದಳು. ರಾತ್ರಿ ಎಂಟು ಹತ್ತಕ್ಕೆ ಮತ್ತೆ ಬಂದಳು.

ಕಿಟಕಿಯ ಗಾಜು ಬಹಳ ಕೊಳೆಯಾಗಿದೆ. ಎರಡು ಸಲ ಒರೆಸಿದೆ, ಹೋಗುವುದಿಲ್ಲ.

ಏಪ್ರಿಲ್ ೨, ಬುಧವಾರ

ನೋವು ಇಲ್ಲವೇ ಇಲ್ಲ. ಔಷಧ ಹಿಡಿದಿದೆ. ಮಂಜು ಮಾತ್ರ.

ಏಪ್ರಿಲ್ ೬, ಭಾನುವಾರ

ಎಡಗಣ್ಣಿನಲ್ಲಿ ಬರೆಯುತ್ತಿದ್ದೇನೆ. ಸಾಲು ಎತ್ತೆತ್ತಲೋ ಹೋಗುತ್ತಿರಬಹುದು, ಹೋಗಲಿ.

ಗುರುವಾರ ಬೆಳಿಗ್ಗೆ ಮುಖ ತೊಳೆಯುವಾಗ ಕಣ್ಣಿಂದ ಬಿಸಿ ನೀರು ಒಂದೇ ಸಮ ಸುರಿಯತೊಡಗಿತು. ಅಳು ಅಲ್ಲ. ಒರೆಸಿದಷ್ಟೂ ಬರುತ್ತಿತ್ತು. ಓರಗಿತ್ತಿ ಎಂಟು ಹತ್ತಕ್ಕೆ ಬಂದವಳು ರೆಪ್ಪೆ ಎತ್ತಿ ನೋಡಿದಳು, ಕೈ ಬಿಟ್ಟಳು. ಕಪ್ಪುಗುಡ್ಡೆಯ ಮೇಲೆ ಒಂದು ಕುಳಿ ಬಿದ್ದಿದೆ ಎಂದಳು. ಚಪ್ಪಲಿ ಕೂಡ ಸರಿಯಾಗಿ ಹಾಕಿಕೊಳ್ಳದೆ ಬೀದಿಗೆ ಓಡಿ ಆಟೋ ನಿಲ್ಲಿಸಿದಳು. ನಾನು ಡ್ರಾಯರಿನಿಂದ ಬಾಟಲಿ ತೆಗೆದು ಸೆರಗಿನ ಗಂಟಿಗೆ ಹಾಕಿಕೊಂಡೆ. ಎಸೆಯುವುದಕ್ಕೋ, ಇನ್ನೊಂದು ಹನಿ ಹಾಕಿಕೊಳ್ಳುವುದಕ್ಕೋ, ನನಗೇ ತಿಳಿಯಲಿಲ್ಲ.

ಡಾಕ್ಟರಮ್ಮ ಯಂತ್ರದ ಮುಂದೆ ಗಲ್ಲ ಇಡಿಸಿ ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಸ್ಟೂಲು ಹಿಂದಕ್ಕೆ ತಳ್ಳಿ ಮೆಲ್ಲಗೆ ಕೇಳಿದರು, "ಬೂದು ಮುಚ್ಚಳದ್ದು ನಿಲ್ಲಿಸಿದ್ರಾ?"

ನಿಲ್ಲಿಸಿದೆ ಅಂದೆ.

"ಮೈಯಲ್ಲಿ ಬೇರೆ ಏನಾದ್ರೂ ಕಾಯಿಲೆ ಇದೆಯಾ? ಕೀಲು ನೋವು, ಊತ? ಈಗಲಾದ್ರೂ ಹೇಳಿ."

ಓರಗಿತ್ತಿ ಪಕ್ಕದಲ್ಲೇ ನಿಂತಿದ್ದಳು. ಈಗಲಾದ್ರೂ ಅನ್ನುವ ಮಾತು ಕೇಳಿ ನನ್ನ ಕಡೆ ತಿರುಗಿದಳು. ಅವಳ ಮಣಿಕಟ್ಟು ಹಿಡಿದು ಒತ್ತಿದೆ. ಸುಮ್ಮನಿರು ಎಂದು. ಬೆರಳಿಗೆ ಶಕ್ತಿ ಇಲ್ಲದಿದ್ದರೂ ಅವಳಿಗೆ ಅರ್ಥವಾಯಿತು. ನನ್ನ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಹಾಗೇ ಹಿಡಿದುಕೊಂಡು ಡಾಕ್ಟರಮ್ಮನಿಗೆ ಹೇಳಿದಳು.

"ಸಂಧಿವಾತ ಇದೆ ಡಾಕ್ಟ್ರೇ. ಮಾತ್ರೆ ತಗೋತಾರೆ. ನಿಮಗೆ ಹೇಳಿದ್ದೀನಿ ಅಂದಿದ್ರು, ನಾನು ನಂಬಿದೆ." ಆಮೇಲೆ ನನ್ನ ಕಡೆ ನೋಡಿ, "ಒಂದು ಸಲ ಬಾಯಿ ಮುಚ್ಕೊಂಡು ಕೂತು ಅನುಭವಿಸಿದ್ದೀನಿ ಅಕ್ಕ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ನಾನು ಸೆರಗಿನ ಗಂಟು ಬಿಚ್ಚಿ ಬಾಟಲಿಯನ್ನು ಮೇಜಿನ ಮೇಲೆ ಇಟ್ಟೆ.

ಡಾಕ್ಟರಮ್ಮನೂ ಬೈಯಲಿಲ್ಲ. ಈ ಹನಿ ಊತ ಇಳಿಸುತ್ತದೆ, ಆದರೆ ಗಾಯ ಮಾಯುವುದನ್ನೂ ನಿಧಾನ ಮಾಡುತ್ತದೆ, ನೋವನ್ನೂ ಮರೆಮಾಡುತ್ತದೆ ಎಂದರು. ಸಂಧಿವಾತ ಇರುವವರ ಕಣ್ಣು ಮೊದಲೇ ಒಣಗಿರುತ್ತದೆ. ಅಂಥ ಕಣ್ಣಿಗೆ ದಿನಗಟ್ಟಲೆ ಹೆಚ್ಚು ಹಾಕಿದರೆ ಕಪ್ಪುಗುಡ್ಡೆಯ ಮೇಲಿನ ಪದರ ಕರಗಿಬಿಡಬಹುದು. ನನ್ನದು ಕರಗಿ ತೂತು ಬಿದ್ದಿತ್ತು. ಮೊದಲೇ ತಿಳಿದಿದ್ದರೆ ಆ ಹನಿಯನ್ನೇ ಬರೆಯುತ್ತಿರಲಿಲ್ಲ, ಬರೆದರೂ ಎರಡು ದಿನಕ್ಕೊಮ್ಮೆ ಕರೆಸಿ ನೋಡುತ್ತಿದ್ದೆ ಅಂದರು. ಮೊದಲನೇ ದಿನ ಉರಿದಾಗ ಬಂದಿದ್ದರೂ ಸಾಕಿತ್ತಂತೆ.

ತೂತಿಗೆ ಅಂಟು ಹಾಕಿ ಮುಚ್ಚಿ, ಮೇಲೆ ತೆಳುವಾದ ಲೆನ್ಸು ಕೂರಿಸಿದರು. ಎಂಥ ಅಂಟು ಎಂದು ಕೇಳಿದೆ. ಮುರಿದ ಹಲ್ಲಿನ ಸೆಟ್ಟನ್ನು ಜೋಡಿಸಿ ಹಿಡಿಯಲು ನಾನು ಇಷ್ಟು ವರ್ಷ ಬಳಸಿದ್ದೂ ಅದೇ ಜಾತಿಯದು. ಒಂದು ಹನಿ ಹೆಚ್ಚಾದರೆ ಕೆಲಸ ಕೆಟ್ಟಿತು ಎಂದು ಎಷ್ಟು ಎಚ್ಚರದಿಂದ ಬಿಡುತ್ತಿದ್ದೆ.

ಏಪ್ರಿಲ್ ೯, ಬುಧವಾರ

ಗುಲಾಬಿಯದ್ದೂ ನಿಲ್ಲಿಸಿದ್ದಾರೆ. ಬೇರೆ ಹನಿ. ಎಲ್ಲದಕ್ಕೂ ಅವಳೇ.

ತೋರಿಸಲು ಹೋದಾಗ ನರ್ಸು, ನಿಮ್ಮ ತಂಗೀನಾ ಎಂದಳು. ಹೂಂ ಅಂದೆ. ಓರಗಿತ್ತಿ, ಮೈದುನ ಎಂದೆಲ್ಲ ಬಿಡಿಸಿ ಹೇಳುತ್ತ ಕೂರುವ ತ್ರಾಣ ಇರಲಿಲ್ಲ.

ಏಪ್ರಿಲ್ ೧೦

ಬರೆಯಲು ಏನೂ ಇಲ್ಲ.

ಏಪ್ರಿಲ್ ೧೬, ಬುಧವಾರ

ಬಲಗಣ್ಣಿಗೆ ಕೈ ಅಲ್ಲಾಡಿಸಿದ್ದು ಗೊತ್ತಾಗುತ್ತದೆ. ಬೆರಳು ಎಷ್ಟು ಎಂದರೆ ಹತ್ತಿರ ಹಿಡಿದರೆ ಮಾತ್ರ. ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಿಲ್ಲ. ಕಲೆ ಉಳಿಯುತ್ತದೆ. ಮುಂದೆ ಬೇರೆಯವರ ಕಣ್ಣಿನ ಪದರ ಹಾಕಬಹುದು, ಹಾಕದೆಯೂ ಇರಬಹುದು. ಕೀಲಿನ ಡಾಕ್ಟರಿಗೆ ಅವರೇ ಫೋನು ಮಾಡಿ ಮಾತ್ರೆ ಬದಲಾಯಿಸಿದ್ದಾರೆ. ನಾನು ನಾಲ್ಕು ವರ್ಷ ಬೇರೆ ಬೇರೆ ಇಟ್ಟಿದ್ದ ಇಬ್ಬರು ನಾಲ್ಕು ನಿಮಿಷದಲ್ಲಿ ಮಾತಾಡಿ ಮುಗಿಸಿದರು.

ಮಧ್ಯಾಹ್ನದ ಹನಿಯಾದ ಮೇಲೆ ಓರಗಿತ್ತಿ ಎದ್ದು ಹೋಗಲಿಲ್ಲ. ನಾನೇ ಕೇಳಿದೆ. ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ, ಬೈದಿದ್ದೆ ಅಷ್ಟೇ.

"ಅವರು ಯಾಕೆ ಹೇಳಬೇಡ ಅಂದ್ರು?"

ಅವಳು ಹೇಳಿದಳು. "ನಾನು ಕೇಳ್ಕೊಂಡೆ ಅಕ್ಕ, ಕಾಲು ಹಿಡ್ಕೋತೀನಿ ಹೇಳಿಬಿಡಿ ಭಾವ ಅಂದೆ. ಅದಕ್ಕೆ ಅಂದ್ರು, ಅವಳಿಗೆ ಗೊತ್ತಾದ್ರೆ ಬೈಯೋದು ನಿಲ್ಲಿಸ್ತಾಳೆ. ಊಟ ಬಿಟ್ಟೆ ಅಂತ ಅವಳು ಬೈತಿದ್ರೆ ನಾನಿನ್ನೂ ಚೆನ್ನಾಗಿದ್ದೀನಿ ಅನ್ಸುತ್ತೆ. ಅದೊಂದು ಎರಡು ತಿಂಗಳು ಇರಲಿ ಬಿಡು ಅಂದ್ರು."

ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹನಿ ಹಾಕಿದ ಮೇಲೆ ಅಳಬಾರದು, ಔಷಧ ಹರಿದುಹೋಗುತ್ತದೆ ಎಂದು ಅವಳು ಕರವಸ್ತ್ರ ಒತ್ತಿದಳು. ಔಷಧ ಹೋಯಿತು. ಅರ್ಧ ಗಂಟೆ ಕಾದು ಮತ್ತೊಂದು ಹಾಕಿದಳು.

ಮೇ ೫, ಸೋಮವಾರ

ಹಲ್ಲಿನ ಡಾಕ್ಟರ ಹತ್ತಿರ ಹೋಗಿ ನಾನೇ ಹೇಳಿದೆ. ಕಣ್ಣಿನ ವಿಷಯ ಹೇಳಿ, ಕೈಯ ವಿಷಯವನ್ನೂ ಹೇಳಿದೆ. ಹೇಳುವಾಗ ಮೇಜಿನ ಅಂಚನ್ನು ಹಿಡಿದುಕೊಂಡಿದ್ದೆ.

ಅವರು ಕನ್ನಡಕ ತೆಗೆದಿಟ್ಟರು. "ನಿಮ್ಮ ಕೈ ನಾನು ಎರಡು ವರ್ಷದಿಂದ ನೋಡ್ತಾನೇ ಇದೀನಲ್ಲ ಅಮ್ಮ. ನೀವಾಗಿ ಹೇಳಲಿ ಅಂತ ಸುಮ್ಮನಿದ್ದೆ."

ಎರಡು ವರ್ಷದಿಂದ ಹೆಚ್ಚಿನ ಸೆಟ್ಟುಗಳು ಬೇರೆ ಊರಿನ ಯಂತ್ರಕ್ಕೆ ಹೋಗುತ್ತಿವೆಯಂತೆ. ನನ್ನ ಕೈಗೆ ಆಗುವಂಥದ್ದನ್ನು ಆರಿಸಿ ಕಳಿಸುತ್ತಿದ್ದರಂತೆ. ಕೆಲಸ ಕೈತಪ್ಪಬಾರದು ಎಂದು ಮುಚ್ಚಿಟ್ಟೆ. ಮುಚ್ಚಿಟ್ಟದ್ದು ಅವರಿಗೆ ಗೊತ್ತೇ ಇತ್ತು, ಕೆಲಸವೂ ಆಗಲೇ ಹೋಗಿತ್ತು. ಬರಿಗೂಡಿಗೆ ಕಾವಲು ಕೂತ ಹಾಗಾಯಿತು.

ಚಹಾ ತರಿಸಿದರು. ಕುಡಿದು ಬಂದೆ. ಬೀದಿ ದಾಟುವಾಗ ಬಲಗಡೆಯಿಂದ ಬಂದ ಸೈಕಲ್ಲು ಕಾಣಲಿಲ್ಲ. ಓರಗಿತ್ತಿ ತೋಳು ಹಿಡಿದು ಎಳೆದಳು. ಅವಳು ಯಾವಾಗಿನಿಂದಲೋ ನನ್ನ ಬಲಗಡೆಯೇ ನಡೆಯುತ್ತಾಳೆ.

ಮೇ ೧೨, ಸೋಮವಾರ

ಕಪಾಟು ಖಾಲಿ ಮಾಡಿದೆವು. ಅಚ್ಚುಗಳು ನಾಲ್ಕು ಚೀಲ ತುಂಬಿದವು. ಮೋಟಾರನ್ನು ಹಲ್ಲಿನ ಡಾಕ್ಟರ ಮನೆಯವರು ಬಂದು ಒಯ್ದರು. ಮೇಜು ಇರಲಿ ಅಂದೆ.

ಕೋಣೆ ಇಷ್ಟು ದೊಡ್ಡದು ಎಂದು ಗೊತ್ತಿರಲಿಲ್ಲ. ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತದೆ.

ಮೇ ೨೩, ಶುಕ್ರವಾರ

ಅಂಟು ತಾನಾಗಿ ಉದುರಿತು. ಕೆಳಗೆ ಪದರ ಕೂಡಿಕೊಂಡಿದೆ. ಲೆನ್ಸು ತೆಗೆದರು. ಬಲಗಣ್ಣಿನಲ್ಲಿ ಹಾಲು ಬೆರೆಸಿದ ಬೆಳಕು, ಅದರಾಚೆ ಜನರ ಆಕಾರ. ಇನ್ನು ಇಷ್ಟೇ ಇರಬಹುದು ಎಂದರು. ಎಡಗಣ್ಣಿನ ಪೊರೆ ಮಳೆಗಾಲ ಕಳೆದ ಮೇಲೆ, ಕೀಲಿನ ಡಾಕ್ಟರ ಜೊತೆ ಮಾತಾಡಿಕೊಂಡು, ಬೂದು ಮುಚ್ಚಳವಿಲ್ಲದೆ.

ಇನ್ನು ಒಂದೇ ಹನಿ. ಕಣ್ಣು ಒಣಗದಿರಲು, ನೀರಿನಂಥದ್ದು. ಸಣ್ಣ ಸಣ್ಣ ಕೊಳವೆಗಳಲ್ಲಿ ಬರುತ್ತದೆ, ಎರಡು ಬೆರಳಲ್ಲಿ ಮೆತ್ತಗೆ ಹಿಚುಕಿದರೆ ಬೀಳುತ್ತದೆ. ನೀವೇ ಹಾಕಿಕೊಳ್ಳಬಹುದು, ಹೊತ್ತು ಗೊತ್ತಿನ ಕಟ್ಟಿಲ್ಲ ಎಂದರು ಡಾಕ್ಟರಮ್ಮ. ಅಲ್ಲೇ ಅವರ ಮುಂದೆ ಹಾಕಿಕೊಂಡು ತೋರಿಸಿದೆ. ಒಂದು ಹನಿಯೂ ಹೊರಗೆ ಹೋಗಲಿಲ್ಲ. ತಂಗಿ ನೋಡುತ್ತಿದ್ದಳು. ಗೆದ್ದಿರಿ ಅಕ್ಕ ಎಂದಳು.

ಮೇ ೨೪, ಶನಿವಾರ

ಎಂಟು ಹತ್ತು. ಯಾರೂ ಬರಲಿಲ್ಲ. ಬರುವ ಕಾರಣವೂ ಇಲ್ಲವಲ್ಲ. ಹಾಕಿಕೊಂಡೆ.

ಮೇ ೨೫, ಭಾನುವಾರ

ಮೇಲೆ ಕುರ್ಚಿ ಎಳೆದ ಸದ್ದು. ನಲ್ಲಿ ಬಿಟ್ಟ ಸದ್ದು. ಮಧ್ಯಾಹ್ನ ಟ್ಯಾಂಕು ತುಂಬಿತು ಅಕ್ಕ ಎಂದು ಕಟಕಟೆಯಿಂದ ಕೂಗಿದಳು. ಸರಿ ಅಂದೆ.

ಹಾಕಿಕೊಂಡೆ.

ಮೇ ೨೬, ಸೋಮವಾರ

ಬೆಳಿಗ್ಗೆ ಕೊಳವೆಯ ತುದಿ ಮುರಿದು, ತಲೆ ಹಿಂದಕ್ಕೆ ಮಾಡಿ ಕೂತೆ. ಆಮೇಲೆ ಎದ್ದು ಮೆಟ್ಟಿಲ ಬಳಿ ಹೋಗಿ ಕೂಗಿದೆ. ನನ್ನ ಕೈಲಿ ಸರಿಯಾಗಿ ಬೀಳುತ್ತಿಲ್ಲ, ಒಂದು ಹತ್ತು ದಿನ ನೀನೇ ಹಾಕಿಕೊಡು ಎಂದೆ. ಔಷಧ ವ್ಯರ್ಥ ಮಾಡಬಾರದು, ಅದಕ್ಕೆ.

ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡೇ ಇಳಿದು ಬಂದಳು. ಕೈ ತೊಳೆದುಕೊಂಡು ಸ್ಟೂಲು ಎಳೆದು ಕೂತಳು.

"ಮೊನ್ನೆ ಡಾಕ್ಟ್ರ ಮುಂದೆ ಅಷ್ಟು ಚೆನ್ನಾಗಿ ಹಾಕ್ಕೊಂಡ್ರಲ್ಲ."

"ಬೆರಳು ನೋಯ್ತಿದೆ" ಅಂದೆ.

ನನ್ನ ಕೈಯನ್ನು ತನ್ನ ಮಡಿಲ ಮೇಲಿಟ್ಟುಕೊಂಡು ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಇಲ್ಲಿ ನೋಯುತ್ತಾ? ಇಲ್ಲಿ? ಎಂದು ಕೇಳಿದಳು. ಎಲ್ಲದಕ್ಕೂ ಹೂಂ ಅಂದೆ. ಹೊಸ ಮಾತ್ರೆ ಹಿಡಿದಿದೆ, ನಿಜಕ್ಕೂ ಇವತ್ತು ಅಷ್ಟೇನೂ ನೋಯುತ್ತಿರಲಿಲ್ಲ.

ನಾಳೆಯಿಂದ ಬರುತ್ತೇನೆ ಎಂದು ಹೇಳಿ ಹೋದಳು. ಬೆಳಿಗ್ಗೆ ಬಾಗಿಲ ಚಿಲಕ ತೆಗೆದಿಡಬೇಕು.